ಡೀಸೆಲ್ಲಿಗೆ ಲೆಕ್ಕ ಇದೆ, ಡ್ರೈವರನ ಬೆನ್ನಿಗೆ ಇಲ್ಲ

ಹೋದ ವರ್ಷ ಭರಣಿ ಮಳೆ ಬಿದ್ದ ಮೂರನೇ ದಿನ. ನನ್ನ ಮಗ ಬೆಳಗ್ಗೆ ಐದಕ್ಕೆ ಟ್ರ್ಯಾಕ್ಟರ್ ತಗೊಂಡು ಹೋದವನು ರಾತ್ರಿ ಹತ್ತೂವರೆಗೆ ವಾಪಸು ತಂದು ಮನೆ ಮುಂದೆ ನಿಲ್ಲಿಸಿದ. ಎಂಜಿನ್ ಬಂದ್ ಮಾಡಿದ, ಆದರೆ ಇಳಿಯಲಿಲ್ಲ. ಸ್ಟೇರಿಂಗ್ ಹಿಡಿದುಕೊಂಡು ಹಾಗೇ ಕೂತಿದ್ದ. "ಯಾಕೋ, ಊಟಕ್ಕೆ ಬರಲ್ವಾ?" ಅಂದೆ. "ತಡಿಯಪ್ಪ, ಸೊಂಟ ಹಿಡ್ಕಂಡೈತೆ, ಇಳಿಯಾಕೆ ಆಗ್ತಿಲ್ಲ" ಅಂದ. ಅವನಿಗೆ ಆಗ ಇಪ್ಪತ್ತಾರು ವರ್ಷ.

ಅವತ್ತು ನನಗೆ ಊಟ ಸೇರಲಿಲ್ಲ. ಅದೇ ಸೀಟಿನ ಮೇಲೆ ಕೂತು ನಾನು ನನ್ನ ಸೊಂಟ ಕಳೆದುಕೊಂಡವನು. ನನಗೆ ನಲವತ್ತಮೂರಕ್ಕೆ ಬಂದದ್ದು ಮಗನಿಗೆ ಇಪ್ಪತ್ತಾರಕ್ಕೇ ಬಂತು. ಈ ವಿಷಯ ಪತ್ರಿಕೆಗೆ ಬರೆಯಬೇಕು ಅಂತ ಅವತ್ತೇ ಅಂದುಕೊಂಡೆ. ಆದರೆ ಬರೆಯಲಿಕ್ಕೆ ಒಂದು ವರ್ಷ ಹಿಡಿಯಿತು. ತಪ್ಪು ಯಾರದು ಅಂತ ಹುಡುಕುತ್ತಾ ಹೋದರೆ ಅದರಲ್ಲಿ ನನ್ನ ಪಾಲೂ ಇತ್ತು.

ನಮ್ಮದು ಚಳ್ಳಕೆರೆ ತಾಲೂಕು. ರಾಜ್ಯದಲ್ಲಿ ತೀರಾ ಕಡಿಮೆ ಮಳೆ ಬೀಳುವ ತಾಲೂಕುಗಳಲ್ಲಿ ಒಂದು. ಆರು ಎಕರೆ ಕೆಂಪು ಭೂಮಿ, ಗರಸು ಜಾಸ್ತಿ. ಶೇಂಗಾ ಹಾಕುತ್ತೇವೆ, ಅಕ್ಕಡಿಗೆ ತೊಗರಿ, ಒಂದಿಷ್ಟು ಸಜ್ಜೆ. 1999ರಲ್ಲಿ ಎತ್ತು ಮಾರಿ, ಮೇಲೆ ಸಾಲ ಮಾಡಿ ಹಳೇದೊಂದು 35 ಹೆಚ್.ಪಿ. ಟ್ರ್ಯಾಕ್ಟರ್ ತಂದೆ. ಆರು ಎಕರೆಗೆ ಟ್ರ್ಯಾಕ್ಟರ್ ಯಾತಕ್ಕೆ ಅಂತ ಕೇಳಬೇಡಿ. ಊರವರ ಹೊಲ ಬಾಡಿಗೆಗೆ ಹೊಡೆದೇ ಸಾಲ ತೀರಿಸಬೇಕಿತ್ತು. 2017ರ ತನಕ ನಾನೇ ಓಡಿಸಿದೆ. ಮೊದಲು ಸೊಂಟನೋವು ಶುರುವಾಯಿತು, ಆಮೇಲೆ ಬಲಗಾಲಿಗೆ ಜೋಮು. ಆಸ್ಪತ್ರೆಗೆ ಹೋದರೆ "ಭಾರ ಎತ್ತುತ್ತೀರಾ?" ಅಂತ ಕೇಳಿದರು. ಇಲ್ಲ ಅಂದೆ. ದಿನಕ್ಕೆ ಎಷ್ಟು ಹೊತ್ತು ಟ್ರ್ಯಾಕ್ಟರ್ ಮೇಲೆ ಕೂರುತ್ತೀರಿ ಅಂತ ಅವರು ಕೇಳಲಿಲ್ಲ. ಅದು ಹೇಳಬೇಕಾದ ವಿಷಯ ಅಂತ ನನಗೂ ಗೊತ್ತಿರಲಿಲ್ಲ. ಮಾತ್ರೆ ಕೊಟ್ಟರು, ಸೊಂಟಕ್ಕೆ ಬೆಲ್ಟು ಬರೆದುಕೊಟ್ಟರು. ಊರಿಗೆ ಬಂದರೆ "ನಿನ್ನದೇನಪ್ಪಾ, ಕೂತು ದುಡಿಯೋ ಕೆಲಸ. ನಮ್ಮ ಹಂಗೆ ಬಗ್ಗಿ ಕಳೆ ಕೀಳ್ತೀಯಾ?" ಅನ್ನೋರು.

ಈ ಕೂತು ದುಡಿಯೋ ಕೆಲಸ ಅನ್ನೋ ಮಾತು ನಮ್ಮೆಲ್ಲರಿಗೂ ಮೋಸ ಮಾಡಿದೆ.

ಹಿಂದೆ ಸ್ಪ್ರಿಂಗ್ ಇಲ್ಲದ ಗಾಡಿ

ಬಸ್ಸಿಗೆ, ಲಾರಿಗೆ ಹಿಂದಿನ ಚಕ್ರದ ಮೇಲೆ ಪಟ್ಟಿ ಸ್ಪ್ರಿಂಗ್ ಇದೆ. ನಾವು ಓಡಿಸುವ ಟ್ರ್ಯಾಕ್ಟರಿಗೆ ಅಲ್ಲಿ ಏನೂ ಇಲ್ಲ. ಹಿಂದಿನ ಆಕ್ಸಲ್ಲು ಗಾಡಿಯ ಮೈಗೆ ನೇರ ಬೋಲ್ಟ್ ಆಗಿದೆ, ಸೀಟು ಅದರ ಮೇಲೆಯೇ ಇದೆ. ಚಕ್ರ ಕಲ್ಲು ಹತ್ತಿ ಇಳಿದರೆ ಆ ಪೆಟ್ಟಿಗೂ ನಮ್ಮ ಸೊಂಟಕ್ಕೂ ನಡುವೆ ಇರುವುದು ಎರಡೇ. ಒಂದು ಟೈರಿನ ಗಾಳಿ, ಇನ್ನೊಂದು ಸೀಟಿನ ಸ್ಪ್ರಿಂಗ್. ಎರಡನ್ನೂ ನಾವು ಎಷ್ಟು ನೋಡಿಕೊಳ್ಳುತ್ತೇವೆ ಅಂತ ನಿಮಗೂ ಗೊತ್ತು.

ನನ್ನ ಹೆಂಡತಿಯ ಅಣ್ಣನ ಮಗ ರಾಯಚೂರಿನಲ್ಲಿ ಕೃಷಿ ಇಂಜಿನಿಯರಿಂಗ್ ಓದಿದವನು. ಹಬ್ಬಕ್ಕೆ ಬಂದಾಗ ಮಗನ ವಿಷಯ ಹೇಳಿದೆ. ಅವನು ಬಿಡಿಸಿ ಹೇಳಿದ್ದು ಇಷ್ಟು. ಕೂತ ಮನುಷ್ಯನ ಬೆನ್ನುಮೂಳೆಗೂ ಉಯ್ಯಾಲೆಯ ಹಾಗೆ ತನ್ನದೇ ಒಂದು ತಾಳ ಇದೆಯಂತೆ. ಸೆಕೆಂಡಿಗೆ ನಾಲ್ಕರಿಂದ ಎಂಟು ಸಲ ಮೇಲೆ ಕೆಳಗೆ ಕುಲುಕಿದರೆ ಆ ತಾಳ ಕೂಡಿ, ಸೀಟಿಗಿಂತ ಹೆಚ್ಚಾಗಿ ಮೈಯೇ ಕುಣಿಯುತ್ತದೆ. ಹೊಲದಲ್ಲಿ ಟ್ರ್ಯಾಕ್ಟರ್ ಕುಲುಕುವುದು ಬಹುಪಾಲು ಅದರ ಆಸುಪಾಸಿನಲ್ಲೇ. ಮೂಳೆ ಮೂಳೆಯ ನಡುವೆ ಇರುವ ಮೆತ್ತೆ, ಡಾಕ್ಟರು ಡಿಸ್ಕ್ ಅನ್ನುವುದು ಇದನ್ನೇ, ಅದಕ್ಕೆ ನೇರವಾಗಿ ರಕ್ತ ಹರಿಯುವುದಿಲ್ಲ. ಹಾಗಾಗಿ ಸವೆದರೆ ಬೇಗ ಕೂಡಿಕೊಳ್ಳುವುದಿಲ್ಲ. ಇದರ ಮೇಲೆ ನಾವು ಏನು ಮಾಡುತ್ತೇವೆ? ಕುಳ ಸರಿಯಾಗಿ ಇಳಿದಿದೆಯಾ ಅಂತ ಇಡೀ ದಿನ ಸೊಂಟ ತಿರುಚಿ ಹಿಂದೆ ನೋಡುತ್ತಲೇ ಓಡಿಸುತ್ತೇವೆ. ತಿರುಚಿದ ಬೆನ್ನಿಗೆ ಬಿದ್ದ ಪೆಟ್ಟು ನೆಟ್ಟಗಿದ್ದ ಬೆನ್ನಿಗೆ ಬಿದ್ದ ಪೆಟ್ಟಿಗಿಂತ ಕೆಟ್ಟದ್ದು.

ಯುರೋಪಿನ ದೇಶಗಳು 2002ರಲ್ಲಿ ಇದಕ್ಕೊಂದು ಕಾಯಿದೆ ಮಾಡಿಕೊಂಡಿವೆ. ಎಂಟು ಗಂಟೆ ಕೆಲಸಕ್ಕೆ ಮೈ ಕುಲುಕು 0.5 ಅಂಕಿ ದಾಟಿದರೆ ಯಜಮಾನ ಅದನ್ನು ತಗ್ಗಿಸುವ ಏರ್ಪಾಡು ಮಾಡಬೇಕು. 1.15 ದಾಟಿಸಲೇಕೂಡದು. ಈ ಅಳತೆಯ ಹೆಸರು ನನ್ನ ಏಳನೇ ಕ್ಲಾಸಿನ ಓದಿಗೆ ಹತ್ತಲಿಲ್ಲ. ಆದರೆ ಅದರ ಜೊತೆಗಿರುವ ಒಂದು ಲೆಕ್ಕ ಚೆನ್ನಾಗಿ ಹತ್ತಿತು. ಕುಲುಕು ಎರಡು ಪಟ್ಟಾದರೆ ಅದನ್ನು ತಡೆಯಬಹುದಾದ ಹೊತ್ತು ಅರ್ಧ ಆಗುವುದಿಲ್ಲ, ಕಾಲು ಭಾಗ ಆಗುತ್ತದೆ. 0.5 ಕುಲುಕಿನಲ್ಲಿ ಎಂಟು ಗಂಟೆ ಕೂತರೆ ಮೈಗೆ ಬೀಳುವ ಹೊರೆ, 1.0 ಕುಲುಕಿನಲ್ಲಿ ಎರಡೇ ಗಂಟೆಗೆ ಬೀಳುತ್ತದೆ.

ಇದನ್ನು ಕೇಳಿದಾಗ ನನಗೆ ಹೊಳೆದದ್ದು ನಮ್ಮ ಅವಸರ. ಜೋರಾಗಿ ಹೊಡೆದು ಬೇಗ ಮುಗಿಸಿದರೆ ಸೀಟಿನ ಮೇಲೆ ಕೂರುವ ಹೊತ್ತೂ ಕಡಿಮೆ, ಅಲ್ಲಿಗೆ ಸರಿಹೋಯಿತು ಅಂತ ನಾನು ಇಪ್ಪತ್ತು ವರ್ಷ ನಂಬಿದ್ದೆ. ಸರಿಹೋಗಲ್ಲ. ವೇಗ ಏರಿಸಿ ಉಳಿಸಿದ ಹೊತ್ತಿಗಿಂತ ಹೆಚ್ಚಿನದನ್ನು ಕುಲುಕು ಕಿತ್ತುಕೊಳ್ಳುತ್ತದೆ.

ಗಂಟೆ ಬಾಡಿಗೆ, ಎಕರೆ ಬಾಡಿಗೆ

ಈಗ ನನ್ನ ಪಾಲಿನ ತಪ್ಪಿಗೆ ಬರುತ್ತೇನೆ. ನಮ್ಮಲ್ಲಿ ರೋಟವೇಟರ್ ಇಲ್ಲ. ಬೇಕಾದಾಗ ಬೇರೆಯವರದನ್ನು ಗಂಟೆ ಬಾಡಿಗೆಗೆ ಕರೆಸುತ್ತೇನೆ. ಗಡಿಯಾರ ನೋಡಿಕೊಂಡು ಬದುವಿನ ಮೇಲೆ ನಿಂತು "ಒಂದು ಗೇರ್ ಮೇಲೆ ಹಾಕೋ ತಮ್ಮಾ" ಅಂತ ಎಷ್ಟು ಸಲ ಕೂಗಿದ್ದೇನೋ ಲೆಕ್ಕ ಇಲ್ಲ. ಆ ಹುಡುಗನೂ ಒಬ್ಬರ ಮಗನೇ. ನನ್ನ ಮಗ ಬಾಡಿಗೆಗೆ ಹೋದ ಹೊಲದಲ್ಲೂ ಯಾರೋ ಒಬ್ಬರು ಹೀಗೇ ಬದುವಿನ ಮೇಲೆ ನಿಂತು ಕೂಗಿರುತ್ತಾರೆ.

ಗಂಟೆ ಲೆಕ್ಕ ಆದರೆ ಹೊಲದವನು ಓಡಿಸು ಅನ್ನುತ್ತಾನೆ. ಎಕರೆ ಲೆಕ್ಕ ಆದರೆ ಟ್ರ್ಯಾಕ್ಟರ್ ಮಾಲೀಕ ಓಡಿಸು ಅನ್ನುತ್ತಾನೆ. ಎರಡರಲ್ಲೂ ಕುಲುಕುವುದು ಸೀಟಿನ ಮೇಲೆ ಕೂತವನ ಬೆನ್ನು. ಡೀಸೆಲ್ ಎಷ್ಟು, ಗಂಟೆ ಎಷ್ಟು, ಕುಳ ಎಷ್ಟು ಸವೆಯಿತು ಅಂತ ಎಲ್ಲದಕ್ಕೂ ಚೀಟಿಯಲ್ಲಿ ಲೆಕ್ಕ ಇದೆ. ಬೆನ್ನಿಗೆ ಮಾತ್ರ ಯಾವ ಚೀಟಿಯಲ್ಲೂ ಜಾಗ ಇಲ್ಲ. ಯಂತ್ರ ಮಾಡುವವರು ಒಳ್ಳೆ ಸೀಟು ಕೊಡಲಿ, ಸರಕಾರ ಕಾಯಿದೆ ಮಾಡಲಿ, ಎಲ್ಲ ನಿಜ. ಆದರೆ ನಮ್ಮ ಹೊಲದಲ್ಲಿ ಗೇರ್ ಯಾವುದು ಅನ್ನುವುದನ್ನು ತೀರ್ಮಾನ ಮಾಡುತ್ತಿರುವುದು ಬಾಡಿಗೆ ಕೊಡುವ ನಾವು. ಹಾಗಾಗಿ ಮೊದಲ ಹೆಜ್ಜೆ ನಮ್ಮದೇ ಅಂತ ನನ್ನ ಅಭಿಪ್ರಾಯ.

ಇದರಿಂದ ನಮಗೆ ಎಷ್ಟು ಹೊರೆ ಅಂತ ಲೆಕ್ಕ ಹಾಕಿದೆ. ನಮ್ಮೂರಲ್ಲಿ ಕಲ್ಟಿವೇಟರ್ ಹೊಡೆಯಲು ಗಂಟೆಗೆ ಸಾವಿರ ರೂಪಾಯಿ. ಜೋರಾಗಿ ಹೊಡೆದರೆ ಎಕರೆಗೆ ಐವತ್ತು ನಿಮಿಷ, ಒಂದು ಗೇರ್ ಇಳಿಸಿದರೆ ಒಂದು ಗಂಟೆ. ಎಕರೆಗೆ ಹತ್ತು ನಿಮಿಷ, ಅಂದರೆ ಸುಮಾರು 170 ರೂಪಾಯಿ. ನಾಲ್ಕು ಎಕರೆ ಇರುವವನಿಗೆ ಒಂದು ಸಲದ ಉಳುಮೆಗೆ 680 ರೂಪಾಯಿ. ಒಂದು ಚೀಲ ಡಿ.ಎ.ಪಿ.ಯ ಅರ್ಧ ಬೆಲೆ. ಸಣ್ಣ ರೈತನಿಗೆ ಇದು ಸಣ್ಣ ದುಡ್ಡಲ್ಲ, ನನಗೆ ಗೊತ್ತು. ಆದರೆ ನನ್ನ ಸೊಂಟಕ್ಕೆ ನಾನು ಆಸ್ಪತ್ರೆಗೆ, ಮಾತ್ರೆಗೆ, ಚಿತ್ರದುರ್ಗಕ್ಕೆ ಓಡಾಡಿದ್ದಕ್ಕೆ ಹಾಕಿದ ದುಡ್ಡು ನೋಡಿದರೆ ಇದು ಏನೂ ಅಲ್ಲ.

ನಾವು ಮಾಡಿದ್ದು

ಮೊದಲು ಸೀಟು ಬಿಚ್ಚಿದೆವು. ಕೂರುವವನ ತೂಕಕ್ಕೆ ತಕ್ಕ ಹಾಗೆ ಸ್ಪ್ರಿಂಗ್ ಬಿಗಿ ಸಡಿಲ ಮಾಡುವ ತಿರುಪು ಒಂದು ಸೀಟಿನ ಕೆಳಗೆ ಇರುತ್ತದೆ. ನಮ್ಮದು ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ನಾನು 72 ಕೆ.ಜಿ., ಮಗ 54 ಕೆ.ಜಿ. ನನ್ನ ತೂಕಕ್ಕೆ ಬಿಗಿ ಮಾಡಿದ್ದ ಸೀಟಿನ ಮೇಲೆ ಅವನು ಇಷ್ಟು ವರ್ಷ ಕೂತಿದ್ದ. ಅವನ ಪಾಲಿಗೆ ಅದು ಹಲಗೆ. ಶಾಕ್ ಅಬ್ಸರ್ ಎಣ್ಣೆ ಸೋರಿ ಯಾವಾಗಲೋ ಸತ್ತಿತ್ತು. ಹೊಸ ಶಾಕ್ ಅಬ್ಸರ್, ಸ್ಪ್ರಿಂಗ್, ತಳದ ರಬ್ಬರ್ ಎಲ್ಲ ಸೇರಿ 2,800 ರೂಪಾಯಿ ಆಯಿತು. ಪ್ರತಿ ವರ್ಷ ಎಂಜಿನ್ ಆಯಿಲ್ ತಪ್ಪದೆ ಬದಲಾಯಿಸುವ ನಾನು ಸೀಟಿನ ಕೆಳಗೆ ಇಪ್ಪತ್ತೈದು ವರ್ಷ ಬಗ್ಗಿ ನೋಡಿರಲಿಲ್ಲ.

ಸೀಟು ಸರಿ ಇದೆಯಾ ಅಂತ ನೋಡಲಿಕ್ಕೆ ನಾವು ಮಾಡಿದ ಒಂದು ಉಪಾಯ ಹೇಳುತ್ತೇನೆ. ಸೀಟು ಪೂರ್ತಿ ಕೆಳಗೆ ಕೂತಾಗ ಬಡಿಯುವ ರಬ್ಬರಿನ ಮೇಲೆ ಲಿಂಬೆ ಗಾತ್ರದ ಹಸಿ ಮಣ್ಣಿನ ಉಂಡೆ ಅಂಟಿಸಿ. ಹೊಲದಲ್ಲಿ ಎರಡು ಸುತ್ತು ಹೊಡೆದು ಬಂದು ನೋಡಿ. ಉಂಡೆ ಪೂರ್ತಿ ಚಪ್ಪಟೆ ಆಗಿದ್ದರೆ ಸೀಟು ತಳ ಬಡಿಯುತ್ತಿದೆ ಅಂತ ಅರ್ಥ. ಸ್ಪ್ರಿಂಗ್ ಸತ್ತಿದೆ, ಇಲ್ಲವೇ ತೂಕಕ್ಕೆ ಸಡಿಲ ಆಗಿದೆ. ಹಾಗಂತ ತೀರಾ ಬಿಗಿ ಮಾಡಿದರೂ ತಪ್ಪು. ಆಳು ಕೂತಾಗ ಸೀಟು ತನ್ನ ಏರಿಳಿತದ ಮಧ್ಯಕ್ಕೆ ಬಂದು ನಿಲ್ಲಬೇಕು. ಮೇಲೆ ದಿಂಬು, ಗೋಣಿಚೀಲ ಮಡಚಿ ಹಾಕುವುದು ನಮ್ಮ ಅಭ್ಯಾಸ. ಅದು ಕುಂಡಿಗೆ ಮೆತ್ತಗಿರುತ್ತದೆ ಅಷ್ಟೇ, ದೊಡ್ಡ ಪೆಟ್ಟು ತಡೆಯುವುದಿಲ್ಲ. ಬೆಲ್ಟೂ ಅಷ್ಟೇ. ಅದು ಸೊಂಟವನ್ನು ಬಿಗಿಯಾಗಿ ಹಿಡಿಯಬಹುದು, ಕುಲುಕನ್ನು ಹಿಡಿಯುವುದಿಲ್ಲ.

ಆಮೇಲೆ ಗಾಳಿ. ಹೊಲದ ಕೆಲಸಕ್ಕೆ ಹಿಂದಿನ ಟೈರಿಗೆ 12 ಪೌಂಡ್ ಅಂತ ನಮ್ಮ ಗಾಡಿಯ ಪುಸ್ತಕದಲ್ಲಿದೆ. ಅಳೆಸಿ ನೋಡಿದರೆ 24 ಇತ್ತು. ಟ್ರೇಲರ್ ಹೊಡೆಯುವಾಗ ಹಾಕಿಸಿದ್ದನ್ನು ಇಳಿಸಿರಲೇ ಇಲ್ಲ. ಅಷ್ಟು ಗಾಳಿ ತುಂಬಿದ ಟೈರು ಕಲ್ಲಿನ ಗುಂಡಿನ ಹಾಗೆ. ನಿಮ್ಮ ಗಾಡಿಗೆ ಎಷ್ಟು ಅಂತ ಅದರ ಪುಸ್ತಕ ನೋಡಿಯೇ ಹಾಕಿಸಿ. ಭಾರ ಎಳೆಯುವಾಗ ಮತ್ತೆ ಏರಿಸುವುದನ್ನೂ ಮರೆಯಬೇಡಿ, ಇಲ್ಲದಿದ್ದರೆ ಟೈರಿನ ಪಕ್ಕ ಒಡೆಯುತ್ತದೆ.

ಮೂರನೆಯದು ದಾರಿ. ಕುಲುಕು ಜಾಸ್ತಿ ಇರುವುದು ಉಳುವಾಗ ಅಂತ ತಿಳಿದಿದ್ದೆವು. ಮಗ ಹೇಳಿದ ಮೇಲೆ ಗೊತ್ತಾಯಿತು, ಒಂದು ಹೊಲದಿಂದ ಇನ್ನೊಂದಕ್ಕೆ ಖಾಲಿ ಗಾಡಿ ಓಡಿಸುವಾಗಲೇ ಹೆಚ್ಚು ಪೆಟ್ಟು. ಬಂಡಿದಾರಿಯಲ್ಲಿ ಗುಂಡಿ, ಅವಸರದಲ್ಲಿ ಮೇಲಿನ ಗೇರ್. ನಾವು ಆರು ಮನೆಯವರು ಸೇರಿ ಎರಡು ಲೋಡ್ ಗರಸು ಹಾಕಿ ದಾರಿ ಮಟ್ಟ ಮಾಡಿಕೊಂಡೆವು. ಒಂದು ದಿನದ ಕೆಲಸ. ಬದು ದಾಟಲು ಪ್ರತಿ ಹೊಲಕ್ಕೂ ಒಂದೇ ಕಡೆ ಇಳಿಜಾರು ಮಾಡಿದೆವು.

ನಾಲ್ಕನೆಯದು ಇಳಿಯುವಾಗಿನ ಎಚ್ಚರ. ಮೂರ‍್ನಾಲ್ಕು ಗಂಟೆ ಕುಲುಕಿದ ಬೆನ್ನಿನ ಸ್ನಾಯು ದಣಿದಿರುತ್ತದೆ. ಆಗ ಗಾಡಿಯಿಂದ ಧುಮುಕಿ, ನೇರ ಹೋಗಿ 50 ಕೆ.ಜಿ. ಗೊಬ್ಬರದ ಚೀಲ ಎತ್ತಿದರೆ ಅಲ್ಲೇ ಸೊಂಟ ಹಿಡಿಯುತ್ತದೆ. ಮೆಟ್ಟಿಲ ಮೇಲೆ ಕಾಲಿಟ್ಟು ಇಳಿದು, ಹತ್ತು ನಿಮಿಷ ಅಡ್ಡಾಡಿ, ಆಮೇಲೆ ಬೇರೆ ಕೆಲಸ. ಎರಡು ಗಂಟೆಗೊಮ್ಮೆ ಇಳಿಯಲೇಬೇಕು ಅಂತ ಮನೆಯಲ್ಲಿ ಕಟ್ಟಳೆ ಮಾಡಿದ್ದೇವೆ.

ಹದ ಕಾಯುತ್ತದೆಯೇ?

ಇಷ್ಟು ಓದಿದವರು ಕೇಳುವ ಪ್ರಶ್ನೆ ನನಗೆ ಗೊತ್ತು. ಊರಲ್ಲಿ ಎಲ್ಲರೂ ಕೇಳಿದ್ದು ಅದನ್ನೇ. ನೀರಾವರಿಯವನಿಗೆ ನಾಳೆ ಇದೆ, ಒಣ ಬೇಸಾಯದವನಿಗೆ ಹದ ಅಂದರೆ ಮೂರು ನಾಲ್ಕು ದಿನದ ಮಾತು. ಭರಣಿ, ಕೃತ್ತಿಕೆ ಯಾವಾಗ ಬರುತ್ತದೋ, ಬಂದರೂ ಎಷ್ಟು ಬರುತ್ತದೋ. ಬಂದಾಗ ಹಗಲು ರಾತ್ರಿ ಹೊಡೆಯದಿದ್ದರೆ ಕೆಂಪು ಮಣ್ಣು ಕಲ್ಲಾಗುತ್ತದೆ. ಈ ಮಾತು ನಿಜ. ನಿಧಾನ ಮಾಡಿ ಹದ ಕಳೆದುಕೊಳ್ಳಿ ಅಂತ ನಾನು ಯಾರಿಗೂ ಹೇಳಲಾರೆ.

ಆದರೆ ಹದ ಹೋಗುತ್ತದೆ ಅಂತ ಒಬ್ಬನೇ ಆಳನ್ನು ಹದಿನೈದು ಗಂಟೆ ಕೂರಿಸುವುದು ಬೇರೆ, ಇಬ್ಬರನ್ನು ಪಾಳಿಯಲ್ಲಿ ಕೂರಿಸುವುದು ಬೇರೆ. ಗಾಡಿ ನಿಲ್ಲಬೇಕಾಗಿಲ್ಲ, ಆಳು ಬದಲಾದರೆ ಸಾಕು. ಈ ವರ್ಷ ನಮ್ಮ ಪಕ್ಕದ ಮನೆಯ ಹುಡುಗ, ಲೈಸೆನ್ಸ್ ಇರುವವನು, ಮಗನ ಜೊತೆ ಪಾಳಿ ಹೊಡೆದ. ಅವನ ಕೂಲಿ ನಮ್ಮ ಲಾಭದಲ್ಲಿ ಕಡಿಮೆ ಆಯಿತು, ಮುಚ್ಚಿಡುವುದಿಲ್ಲ. ಇನ್ನೊಂದು, ಯಾರು ಮೊದಲು ಫೋನ್ ಮಾಡಿದರೋ ಅವರ ಹೊಲ ಅಂತ ಊರಿನ ಈ ತುದಿಯಿಂದ ಆ ತುದಿಗೆ ಓಡುವುದನ್ನು ಬಿಟ್ಟೆವು. ಒಂದೇ ಕಡೆಯ ಹೊಲದವರು ಮೊದಲೇ ಮಾತಾಡಿಕೊಂಡು ಸಾಲಾಗಿ ಹೊಡೆಸಿದರು. ದಾರಿ ಓಡಾಟ ಉಳಿಯಿತು, ಅದರಲ್ಲೇ ನಿಧಾನ ಹೊಡೆಯುವ ಹೊತ್ತು ಅರ್ಧ ಸಿಕ್ಕಿತು. ಹಸಿ ಪೂರ್ತಿ ಆರಿದ ಮೇಲೆ ಹಟಕ್ಕೆ ಬಿದ್ದು ಹೊಡೆಸುವುದನ್ನಂತೂ ಬಿಡಲೇಬೇಕು. ಹೆಂಟೆ ಏಳುತ್ತದೆ, ಕುಳ ಮುರಿಯುತ್ತದೆ, ಬೆನ್ನೂ ಮುರಿಯುತ್ತದೆ. ಬಿತ್ತನೆಗೂ ಅದು ಪ್ರಯೋಜನ ಇಲ್ಲ.

ಕೈಯಲ್ಲಿ ಹಿಡಿಯುವ ಯಂತ್ರಗಳು

ಟ್ರ್ಯಾಕ್ಟರ್ ಇಲ್ಲದವರೂ ಈ ಮಾತಿನಿಂದ ಹೊರಗಿಲ್ಲ. ಈಗ ಊರೂರಿಗೆ ಪೆಟ್ರೋಲ್ ವೀಡರ್, ಹುಲ್ಲು ಕತ್ತರಿಸುವ ಮಿಷನ್ ಬಂದಿವೆ. ಇವುಗಳ ಅದುರು ಕೈಬೆರಳಿಗೆ ಹೋಗುತ್ತದೆ. ಮೊದಲು ಜುಮುಜುಮು, ಆಮೇಲೆ ರಾತ್ರಿ ಬೆರಳು ಮರಗಟ್ಟುವುದು, ಚಳಿಯಲ್ಲಿ ಬೆರಳ ತುದಿ ಬಿಳಿಚಿಕೊಳ್ಳುವುದು. ಇದೇನೂ ಹೊಸ ಕಾಯಿಲೆ ಅಲ್ಲ. ಅಮೆರಿಕದ ಇಂಡಿಯಾನಾ ರಾಜ್ಯದ ಬೆಡ್‌ಫರ್ಡ್‌ನಲ್ಲಿ ಗಾಳಿ ಸುತ್ತಿಗೆ ಹಿಡಿದು ಕಲ್ಲು ಕೆತ್ತುವವರ ಬೆರಳು ಹೀಗೆ ಬಿಳಿಚುವುದನ್ನು ಆಲಿಸ್ ಹ್ಯಾಮಿಲ್ಟನ್ ಎಂಬ ವೈದ್ಯೆ 1918ರಲ್ಲೇ ಪರೀಕ್ಷೆ ಮಾಡಿದ್ದರು. ನೂರು ವರ್ಷದ ಮೇಲಾಯಿತು.

ಜುಮುಜುಮು ಶುರುವಾದಾಗಲೇ ಎಚ್ಚೆತ್ತುಕೊಳ್ಳಬೇಕು. ಬೆರಳು ಬಿಳಿಚುವ ಹಂತಕ್ಕೆ ಹೋದರೆ ಪೂರ್ತಿ ವಾಪಸು ಬರುವ ಭರವಸೆ ಇಲ್ಲ. ಬ್ಲೇಡನ್ನು ಎರಡೂ ಕಡೆ ಸಮವಾಗಿ ಸಾಣೆ ಹಿಡಿಸಿ. ಒಂದು ಕಡೆ ಸವೆದ ಬ್ಲೇಡು ಇಡೀ ಮಿಷನ್ನನ್ನು ಅದುರಿಸುತ್ತದೆ. ಹ್ಯಾಂಡಲ್ ಬುಡದ ರಬ್ಬರ್ ಹರಿದಿದ್ದರೆ ಅವತ್ತೇ ಹಾಕಿಸಿ. ಹ್ಯಾಂಡಲ್ ಅನ್ನು ಕತ್ತು ಹಿಸುಕಿದ ಹಾಗೆ ಹಿಡಿಯಬೇಡಿ, ಬಿಗಿ ಹಿಡಿದಷ್ಟೂ ಅದುರು ಒಳಗೆ ಇಳಿಯುತ್ತದೆ. ಆದರೆ ಕೈ ಬಿಟ್ಟು ಹೋಗುವಷ್ಟು ಸಡಿಲವೂ ಬೇಡ. ಅರ್ಧ ಗಂಟೆಗೊಮ್ಮೆ ಕೈ ಬದಲಾಯಿಸಿಕೊಳ್ಳಿ. ಗ್ಲೌಸ್ ಹಾಕಿಕೊಂಡರೆ ಕೈ ಬೆಚ್ಚಗಿರುತ್ತದೆ, ಅದು ಒಳ್ಳೆಯದು. ಆದರೆ ಟಿಲ್ಲರ್, ವೀಡರಿನ ದಪ್ಪ ಅದುರನ್ನು ಗ್ಲೌಸ್ ತಡೆಯುತ್ತದೆ ಅಂತ ನಂಬಬೇಡಿ. ಬೀಡಿ ಸೇದುವವರಿಗೆ ಬೆರಳಿನ ರಕ್ತ ಓಡಾಟ ಮೊದಲೇ ಕಡಿಮೆ, ಅವರು ಇನ್ನೂ ಹುಷಾರಾಗಿರಬೇಕು.

ಕೊಳ್ಳುವಾಗ ಕೇಳಿ

ಹೊಸ ಟ್ರ್ಯಾಕ್ಟರ್ ಕೊಳ್ಳುವವರಿಗೆ ಒಂದು ಮಾತು. ಮಧ್ಯಪ್ರದೇಶದ ಬುದ್ನಿಯಲ್ಲಿ ಕೇಂದ್ರ ಸರಕಾರದ ಟ್ರ್ಯಾಕ್ಟರ್ ಪರೀಕ್ಷೆ ಮಾಡುವ ಸಂಸ್ಥೆ ಇದೆ. ಅದರ ವರದಿಯಲ್ಲಿ ಸೀಟು, ಸ್ಟೇರಿಂಗ್, ಕಾಲಿಡುವ ಜಾಗ ಎಷ್ಟು ಅದುರುತ್ತದೆ ಅಂತ ಅಳೆದು ಬರೆದಿರುತ್ತಾರೆ. ನಾವು ಶೋರೂಮಿಗೆ ಹೋದರೆ ಹೆಚ್.ಪಿ. ಎಷ್ಟು, ಡೀಸೆಲ್ ಎಷ್ಟು ಕುಡಿಯುತ್ತೆ, ಸಬ್ಸಿಡಿ ಎಷ್ಟು ಅಂತ ಮೂರೇ ಪ್ರಶ್ನೆ ಕೇಳುತ್ತೇವೆ. ಅದುರಿನ ಪುಟ ತೋರಿಸಿ ಅಂತ ನಾಲ್ಕನೇ ಪ್ರಶ್ನೆ ಕೇಳಿ. ಹತ್ತು ಜನ ಕೇಳಿದರೆ ಹನ್ನೊಂದನೆಯವನಿಗೆ ಒಳ್ಳೆ ಸೀಟು ಬರುತ್ತದೆ. 2014-15ರಲ್ಲಿ ಶುರುವಾದ ಕೃಷಿ ಯಂತ್ರಧಾರೆಯ ಬಾಡಿಗೆ ಕೇಂದ್ರಗಳಲ್ಲಿ ಯಂತ್ರ ಹೊರಡುವ ಮೊದಲು ಆಯಿಲ್, ನೀರು ನೋಡುವ ಹಾಗೆ ಸೀಟಿನ ಸ್ಪ್ರಿಂಗ್, ಟೈರಿನ ಗಾಳಿ ನೋಡುವುದೂ ನಿಯಮ ಆಗಬೇಕು. ಸೊಂಟ ನೋವು ಅಂತ ಆಸ್ಪತ್ರೆಗೆ ಹೋದರೆ ಅವರು ಕೇಳದಿದ್ದರೂ ನೀವೇ ಹೇಳಿ, ದಿನಕ್ಕೆ ಇಷ್ಟು ಗಂಟೆ ಟ್ರ್ಯಾಕ್ಟರ್ ಮೇಲೆ ಇರುತ್ತೇನೆ ಅಂತ.

ಈ ವರ್ಷದ ಭರಣಿಗೆ ಮಗ ದಿನಕ್ಕೆ ಎಂಟು ಗಂಟೆಗಿಂತ ಹೆಚ್ಚು ಕೂರಲಿಲ್ಲ. ಸೊಂಟ ಪೂರ್ತಿ ವಾಸಿ ಆಗಿಲ್ಲ. ಬೆಳಗ್ಗೆ ಏಳುವಾಗ ಈಗಲೂ ಗೋಡೆ ಹಿಡಿಯುತ್ತಾನೆ. ಆದರೆ ರಾತ್ರಿ ಗಾಡಿಯಿಂದ ತಾನೇ ಇಳಿದು ಊಟಕ್ಕೆ ಬರುತ್ತಾನೆ. ಕೆಳಗಿನ ಗೇರಿನಲ್ಲೇ ಹೊಡೆಯುವುದು, ಒಪ್ಪಿಗೆ ಇದ್ದರೆ ಹೇಳಿ ಅಂತ ನಾನು ಬಾಡಿಗೆಯವರಿಗೆ ಮೊದಲೇ ಹೇಳಿಬಿಟ್ಟಿದ್ದೆ. ಬಹಳ ಜನ ಒಪ್ಪಿದರು. ಎರಡು ಮನೆಯವರು ಒಪ್ಪದೆ ಬೇರೆ ಟ್ರ್ಯಾಕ್ಟರಿಗೆ ಹೋದರು. ಅವರ ಮೇಲೆ ನನಗೆ ಬೇಸರ ಇಲ್ಲ, ಹೋದ ವರ್ಷದ ತನಕ ನಾನೂ ಅವರ ಹಾಗೇ ಇದ್ದವನು. ಆ ಎರಡೂ ಮನೆಗೆ ಈ ಪತ್ರಿಕೆ ಬರುತ್ತದೆ. ಅವರೂ ಓದಲಿ ಅಂತಲೇ ಇದನ್ನು ಬರೆದಿದ್ದೇನೆ.